ನಮ್ಮ ಮನೆಯ ಮಿಲಿಟರಿ ಲಾರಿ

ಯುದ್ಧಕ್ಕಾಗಿ ಹುಟ್ಟಿದ ಯಂತ್ರವೊಂದು ಹೆಂಚು ಹೊರುತ್ತ ಹೊರುತ್ತ ಮುದಿಯಾದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ತಂದೆಯವರು ಕೊಂಡ ಲಾರಿ ಅದು. ತೀರ್ಥಹಳ್ಳಿಯ ಸುತ್ತಿನ ದೊಡ್ಡವರು ಅದನ್ನು ‘ಮಿಲಿಟರಿ ಲಾರಿ’ ಎನ್ನುತ್ತಿದ್ದರು. ಅದರ ಗಿಡ್ಡ ಮೂತಿಯನ್ನು ಕಂಡ ಮಕ್ಕಳು ‘ಕಪ್ಪೆ ಲಾರಿ’ ಎಂದು ಕರೆದರು. ಮಕ್ಕಳಿಟ್ಟ ಹೆಸರೇ ಅದಕ್ಕೆ ಹೆಚ್ಚು ಒಪ್ಪುತ್ತಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾ ದೇಶ 8 ಲಕ್ಷಕ್ಕೂ ಮೀರಿ ಸೈನಿಕ ವಾಹನಗಳನ್ನು ತಯಾರಿಸಿತು. ಓಷಾವಾ ಪಟ್ಟಣದಲ್ಲಿ ಷೆವರ್ಲೆ, ವಿಂಡ್ಸರಿನಲ್ಲಿ ಫೋರ್ಡ್. ಹೊರರೂಪ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಎಂಜಿನ್ನು ಮಾತ್ರ ಬೇರೆ. ಫೋರ್ಡಿಗೆ ಎಂಟು ಸಿಲಿಂಡರು, ಷೆವರ್ಲೆಗೆ ಆರು. ಚಾಲಕನ ಮುಂದಿನ ಗಾಜನ್ನು ಓರೆಯಾಗಿ, ಕೆಳಅಂಚು ಒಳಕ್ಕೆ ಸರಿಯುವಂತೆ ಕೂರಿಸಿದ್ದರು. ಬಿಸಿಲಿನ ಹೊಳಪು ಆಕಾಶದಲ್ಲಿ ಹಾರುವ ವೈರಿಯ ಕಣ್ಣಿಗೆ ಬೀಳದಿರಲೆಂದು. ಭಾರತದ ಸೈನ್ಯಕ್ಕೂ ಇವು ಬಹುಸಂಖ್ಯೆಯಲ್ಲಿ ಬಂದವು. 1945ರಲ್ಲಿ ಕಾಳಗ ನಿಂತ ಮೇಲೆ ಬೇಡವಾದವು ಹರಾಜಿಗೆ ಬಿದ್ದವು. ನಾಲ್ಕು ಗಾಲಿಗಳಿಗೂ ಬಲ ಹರಿಸಬಲ್ಲ ಬಂಡಿ ಮಲೆನಾಡಿನ ಕೆಸರಿಗೆ ವರವಾಗಿಯೇ ಒದಗಿತೆನ್ನಬೇಕು.

ನಮ್ಮದು ಆರು ಸಿಲಿಂಡರಿನ ಷೆವರ್ಲೆ, 85 ಅಶ್ವಶಕ್ತಿಯದು. ವಿದ್ಯುತ್ತು ಬರಿಯ 6 ವೋಲ್ಟು. ಬ್ಯಾಟರಿಯ ತಂತಿಯ ತುದಿಯಲ್ಲಿ ತುಸು ಕಿಲುಬು ಕಟ್ಟಿದರೂ ಸಾಕು, ಎಂಜಿನ್ನು ತಿರುಗಲೊಲ್ಲದು. ಅಂಥ ಎಷ್ಟೋ ಬೆಳಗುಗಳಲ್ಲಿ ಉಪ್ಪುಕಾಗದದ ಒಂದು ಚೂರು ನನ್ನ ಮಾನ ಉಳಿಸಿದೆ. ಏರಿನಲ್ಲಿ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಬಂಡಿ ನಿಂತರೆ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಒಂದು ಎಲೆಯಡಿಕೆ ಮುಗಿಯುವಷ್ಟು ಹೊತ್ತು ಕಾದರಾಯಿತು. ಇಂಥ ರೋಗಗಳು ನೆಗಡಿಯಂಥವು; ಹೇಳುವಂಥದು ಬೇರೊಂದಿದೆ.

1972ರ ಮೇ ತಿಂಗಳ ಕೊನೆಯ ವಾರ. ಶಾಲೆಗೆ ರಜೆ; ಲಾರಿ ನಡೆಸುತ್ತಿದ್ದವನು ನಾನೇ. ನಮ್ಮ ನೆರೆಯ ಮನೆಯೊಂದರ ಮಾಡು ಬಿಚ್ಚಿ ಹಾಕಿದ್ದರು. ಅವರಿಗೆಂದು ಸಾವಿರ ಮಂಗಳೂರು ಹೆಂಚು ಹೇರಿಕೊಂಡು ಸೋಮೇಶ್ವರದಲ್ಲಿ ನೀರಿಗೆ ನಿಂತೆ. ಅಲ್ಲಿ ರಸ್ತೆ ಬದಿಗೆ ಸಾಬರೊಬ್ಬರ ಗರಾಜು. ನಾನು ಕರೆಯುವ ಮೊದಲೇ ಅವರು ಎದ್ದು ಬಂದರು. ಮರದ ಹಿಡಿಯ ಸ್ಕ್ರೂಡ್ರೈವರಿನಿಂದ ಒಂದೊಂದೇ ಪ್ಲಗ್ಗಿನ ತಲೆಯನ್ನು ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸುತ್ತ ಹೋದರು. ಹಾಗೆ ತಾಗಿಸಿದಾಗ ಆ ಸಿಲಿಂಡರಿನ ಕಿಡಿ ಸತ್ತು ಅದರ ರಾಡಿನ ಮೇಲಿನ ಭಾರ ಇಳಿಯುತ್ತದೆ. ದೋಷ ಅಲ್ಲಿದ್ದರೆ ಬಡಿತವೂ ಇಳಿಯುತ್ತದೆ. ನಾಲ್ಕನೆಯದಕ್ಕೆ ಸದ್ದು ಮೆತ್ತಗಾಯಿತು.

“ಬೇರಿಂಗು ಹೋಗ್ತಾ ಇದೆ ಮೇಷ್ಟ್ರೇ. ಇವತ್ತು ಘಾಟಿ ಹತ್ತಬೇಡಿ.”

“ಎಣ್ಣೆಯ ಮುಳ್ಳು ಸರಿಯಾಗೇ ಇದೆಯಲ್ಲ ಸಾಬರೇ?”

“ಮುಳ್ಳಿಗೇನು ಗೊತ್ತು?” ಎಂದು ಅವರು ಕೈ ಒರೆಸಿಕೊಂಡರು.

ಪಡುವಣದಲ್ಲಿ ಮೋಡ ಕಟ್ಟಿತ್ತು. ಮುಳ್ಳನ್ನು ನಂಬಿ ನಾನು ಹೊರಟೆ. ಆಗುಂಬೆಯ ಘಾಟಿಗೆ ಹದಿನಾಲ್ಕು ತಿರುವುಗಳು. ಎಂಟನೆಯದರಲ್ಲಿ ಅಡಿಯಿಂದ ಸುತ್ತಿಗೆಯ ಪೆಟ್ಟಿನಂಥ ಸದ್ದೆದ್ದು ಲಾರಿ ನಡುಗಿ ನಿಂತಿತು. ಕ್ಲೀನರ್ ಹುಡುಗ ಹಾರಿಳಿದು ಗಾಲಿಗಳಿಗೆ ಕಲ್ಲು ಕೊಟ್ಟ. ಆ ರಾತ್ರಿಯೇ ಮಳೆ ಹಿಡಿಯಿತು. ಬೇರೊಂದು ಲಾರಿಯಲ್ಲಿ ಹೆಂಚು ಮನೆ ಸೇರಿದ್ದು ನಾಲ್ಕು ದಿನಗಳ ಮೇಲೆ. ಅಷ್ಟೂ ದಿನ ನೆರೆಯವರು ಸೋಗೆಯ ಮರೆಯಲ್ಲಿ ಅಕ್ಕಿಯ ಮೂಟೆಗಳನ್ನು ಅತ್ತಿಂದಿತ್ತ ಸರಿಸುತ್ತ ಕಳೆದರು. ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಹಗುರವಾಗುತ್ತಿತ್ತೇನೋ.

ಸಾಬರು ಎಣ್ಣೆಯ ತೊಟ್ಟಿಯನ್ನು ಕಳಚಿದಾಗ ನನ್ನ ಅಜ್ಞಾನ ಬಿಚ್ಚಿಕೊಂಡಿತು. ಆ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗುಗಳಿಗೆ ಪಂಪಿನ ಒತ್ತಡದಿಂದ ಎಣ್ಣೆ ಬರುವುದಿಲ್ಲ. ರಾಡಿನ ತಳದಲ್ಲಿ ಪುಟ್ಟ ಸೌಟಿನಂಥದೊಂದಿದೆ; ತಿರುಗುವಾಗ ಅದು ಎಣ್ಣೆಯಲ್ಲಿ ಅದ್ದಿ ತನಗೆ ಬೇಕಾದಷ್ಟನ್ನು ತಾನೇ ಮೊಗೆದುಕೊಳ್ಳುತ್ತದೆ. ಮುಳ್ಳು ತೋರಿಸುವುದು ಪಂಪಿನ ಒತ್ತಡವನ್ನು. ರಾಡಿನ ಸಂಕಟ ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ನಾನು ಕೇಳಬಾರದವನನ್ನು ಸಾಕ್ಷಿ ಕೇಳಿದ್ದೆ.

ನಾಲ್ಕನೆಯ ರಾಡಿನ ಬಿಳಿಲೋಹ ಕರಗಿ ತೊಟ್ಟಿಯ ತಳದಲ್ಲಿ ಮೀನಿನ ಹುರುಪೆಯಂತೆ ಹೊಳೆಯುತ್ತಿತ್ತು. ಇಂದಿನ ಎಂಜಿನ್ನಾಗಿದ್ದರೆ ಬಿಡಿಭಾಗಕ್ಕೆ ಪತ್ರ ಬರೆದು ಕೂರಬೇಕಿತ್ತು. ಸಾಬರು ಇದ್ದಿಲ ಒಲೆಯ ಮೇಲೆ ತವರದ ಮಿಶ್ರಲೋಹವನ್ನು ಕರಗಿಸಿ ರಾಡಿನೊಳಗೇ ಎರಕ ಹೊಯ್ದರು. ಕ್ರ್ಯಾಂಕಿಗೆ ನೀಲಿಬಣ್ಣ ಸವರಿ, ರಾಡು ಕೂರಿಸಿ ತಿರುಗಿಸಿ, ನೀಲಿ ಹತ್ತಿದ ಉಬ್ಬುಗಳನ್ನೆಲ್ಲ ಕೈಯುಳಿಯಿಂದ ಹೆರೆದರು; ಮತ್ತೆ ಸವರಿದರು, ಮತ್ತೆ ಹೆರೆದರು. ಎರಡು ದಿನ ಇದೇ ಕೆಲಸ. ಕೊನೆಗೆ ಕಾಗದದಷ್ಟು ತೆಳ್ಳಗಿನ ತಗಡುಗಳನ್ನು ಸಂದಿಗೆ ಇಟ್ಟು ತೆಗೆದು ಬಿಗಿಯ ಹದ ನೋಡಿದರು. ಯುದ್ಧಭೂಮಿಗೆಂದು ಮಾಡಿದ ಯಂತ್ರ ಸೋಮೇಶ್ವರದ ಬೀದಿಯಲ್ಲಿ ಎದ್ದು ನಿಂತಿತು.

ಸಾಬರು ಈಗಿಲ್ಲ. ಲಾರಿ ನಮ್ಮ ಕೊಟ್ಟಿಗೆಯ ಪಕ್ಕದಲ್ಲಿದೆ. ದುಡಿಮೆ ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ತಿಂಗಳಿಗೊಮ್ಮೆ ಅದನ್ನು ಎಬ್ಬಿಸುತ್ತೇನೆ. ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗುವುದುಂಟು. ಕಳೆದ ಸಲ ಎಂಜಿನ್ನು ಬಿಸಿಯೇರಿದಾಗ ನನಗೆ ಎಲ್ಲವೂ ಸರಿಯೆಂದೇ ತೋರಿತು. ಆದರೆ ನನ್ನ ಕಿವಿಗಳೂ ಮಂದವಾಗಿವೆ. ಮೊಮ್ಮಗಳನ್ನು ಕರೆದು ಮರದ ಹಿಡಿಯ ಸ್ಕ್ರೂಡ್ರೈವರನ್ನು ಅವಳ ಕೈಗೆ ಕೊಟ್ಟು, ತಾಗಿಸುವ ಬಗೆಯನ್ನು ತೋರಿಸಿದೆ.

“ಅಜ್ಜ, ಎರಡನೇದಕ್ಕೆ ಸದ್ದು ಕಮ್ಮಿಯಾಗತ್ತೆ” ಎಂದಳು.

ಮುಳ್ಳು ಸರಿಯಾಗಿಯೇ ನಿಂತಿತ್ತು. ನಾನು ಎಂಜಿನ್ನು ನಿಲ್ಲಿಸಿದೆ.