ಗಾಯದ ಪೊರೆಯೂ ಗಿಡಮೂಲಿಕೆಯೂ

ಗಾಯಕ್ಕೆ ಅರಿಶಿನ, ಬುದ್ಧಿಗೆ ಒಂದೆಲಗ, ಜೇನುಹುಳು ಕಚ್ಚಿದರೆ ಉಳ್ಳಾಗಡ್ಡಿ - ಇವು ನಮ್ಮ ಅಜ್ಜಿಯರ ಕಾಲದ ಮದ್ದುಗಳು. ಊರು ಬಿಟ್ಟು ನಾಸಿಕಕ್ಕೋ ಛತ್ರಪತಿ ಸಂಭಾಜಿನಗರಕ್ಕೋ ಬಂದು ನೆಲೆಸಿದರೂ ಈ ನಂಬಿಕೆ ನಮ್ಮ ಸಂಗಡವೇ ಬಂದಿದೆ. ಆದರೆ ಸ್ತನದ ಶಸ್ತ್ರಚಿಕಿತ್ಸೆಯಂಥ ಪ್ರಸಂಗದಲ್ಲಿ ಇದನ್ನು ಎಷ್ಟರಮಟ್ಟಿಗೆ ನೆಚ್ಚಬಹುದು? ಹೆಣ್ಣುಮಕ್ಕಳು ಕೇಳಲು ಸಂಕೋಚಪಡುವ ಪ್ರಶ್ನೆಯಿದು. ಆದಕಾರಣವೇ ಇಲ್ಲಿ ಬಿಡಿಸಿ ಹೇಳುವುದು ಯೋಗ್ಯ.

ಕ್ಯಾನ್ಸರಿನಿಂದಾಗಿ ಸ್ತನವನ್ನು ತೆಗೆದ ಬಳಿಕ, ಸಿಲಿಕೋನ್ ಚೀಲವನ್ನು ಒಳಗಿರಿಸಿ ಮೊದಲಿನ ಆಕಾರ ಕೊಡುವುದುಂಟು. ಇಂಥ ಚೀಲವನ್ನು ಮೊತ್ತಮೊದಲು ಇರಿಸಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್ ನಗರದಲ್ಲಿ. ಪರಕೀಯ ವಸ್ತುವೊಂದು ಒಳಬಂದಿತೆಂದು ದೇಹವು ಅದರ ಸುತ್ತ ನಾರಿನ ಪೊರೆಯನ್ನು ಹೆಣೆಯುತ್ತದೆ. ಇದು ಸಹಜವೇ. ಆದರೆ ಕೆಲವರಲ್ಲಿ ಈ ಪೊರೆ ದಪ್ಪನಾಗಿ, ಮುಷ್ಟಿ ಹಿಡಿದಂತೆ ಬಿಗಿಯುತ್ತದೆ. ಸ್ತನ ಗಟ್ಟಿಯಾಗಿ ಆಕಾರ ಕೆಡುತ್ತದೆ, ನೋವೂ ಬರಬಹುದು. ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಈ ತೊಂದರೆ ಹೆಚ್ಚು. ರೋಗವೇ ಮರಳಿತೇನೋ ಎಂದು ಹೆದರಿ, ಯಾರಿಗೂ ಹೇಳದೆ ಕೊರಗುವವರುಂಟು.

ಗಾಯ ಮಾಯಿಸುವ ಜೀವಕಣಗಳು ಕೆಲಸ ಮುಗಿದ ಮೇಲೂ ನಿಲ್ಲದೆ ನಾರು ಹೆಣೆಯುವುದೇ ಇದರ ಮೂಲ. ಅವುಗಳ ಈ ಅತ್ಯುತ್ಸಾಹವನ್ನು ತಗ್ಗಿಸುವ ಗುಣವು ಅರಿಶಿನದ ಕರ್ಕ್ಯುಮಿನ್, ಒಂದೆಲಗದ ಏಷಿಯಾಟಿಕೊಸೈಡ್, ದ್ರಾಕ್ಷಿಯ ಸಿಪ್ಪೆಯಲ್ಲಿರುವ ರೆಸ್ವೆರಾಟ್ರಾಲ್ - ಇವುಗಳಲ್ಲಿ ಪ್ರಯೋಗಶಾಲೆಯ ಮಟ್ಟಿಗೆ ಕಂಡುಬಂದಿದೆ. ಚೀನಾದಲ್ಲಿ ಮಲೇರಿಯಾ ಜ್ವರಕ್ಕೆ ಬಳಸುತ್ತಿದ್ದ ಚಾಂಗ್ ಶಾನ್ ಗಿಡದ ಸತ್ವದಿಂದ ರೂಪಿಸಿದ ಔಷಧವೊಂದುಂಟು, ಹೆಸರು ಹ್ಯಾಲೊಫ್ಯೂಜಿನೋನ್. ಇದನ್ನು ಲೇಪಿಸಿದ ಸಿಲಿಕೋನನ್ನು ಇಲಿಗಳ ಮೈಯಲ್ಲಿರಿಸಿದಾಗ ಪೊರೆ ತೆಳ್ಳಗಾಯಿತೆಂದು ಜರ್ಮನಿಯ ವೈದ್ಯರು 2010ರಲ್ಲಿ ಪ್ರಕಟಿಸಿದರು.

ಹಾಗಾದರೆ ಅಡಿಗೆಮನೆಯ ಅರಿಶಿನವೇ ಸಾಕಲ್ಲವೆ? ಸಾಲದು. ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ನಾಸಿಕದ ಲಾಸಲಗಾಂವ ಪೇಟೆಯಿಂದ ದೇಶಕ್ಕೆಲ್ಲ ಹೋಗುವ ಉಳ್ಳಾಗಡ್ಡಿಯ ಸತ್ವದಿಂದಲೂ ಕಲೆ ಅಳಿಸುವ ಮುಲಾಮು ತಯಾರಾಗುತ್ತದೆ. ಆದರೆ ಹೋಲಿಸಿ ನೋಡಿದ ಕೆಲವು ಪರೀಕ್ಷೆಗಳಲ್ಲಿ ಅದು ಸಾದಾ ವ್ಯಾಸಲೀನಿಗಿಂತ ಮಿಗಿಲೆನಿಸಲಿಲ್ಲ. ಮೇಲಾಗಿ ಚರ್ಮಕ್ಕೆ ಹಚ್ಚಿದ್ದು ಒಳಗಿನ ಪೊರೆಯನ್ನು ಮುಟ್ಟಬೇಕಲ್ಲ! ಗಾಯಕ್ಕೆ ಅರಿಶಿನ ಹಚ್ಚುವ ವಿದ್ಯೆಗೆ 1995ರಲ್ಲಿ ಅಮೆರಿಕ ಕೊಟ್ಟಿದ್ದ ಪೇಟೆಂಟನ್ನು ನಮ್ಮ ವಿಜ್ಞಾನಿಗಳು ಪ್ರಶ್ನಿಸಿ, 1997ರಲ್ಲಿ ರದ್ದುಮಾಡಿಸಿದರು. ವಿದ್ಯೆ ನಮ್ಮದು, ಹಳೆಯದು ಎಂಬುದು ಅಲ್ಲಿ ಸಿದ್ಧವಾಯಿತು. ಎಷ್ಟು ಪ್ರಮಾಣ, ಯಾವ ರೋಗಕ್ಕೆ ಎಂಬುದು ಬೇರೆಯೇ ಮಾತು. ಪೊರೆ ಬಿಗಿಯದಂತೆ ತಡೆಯಲು ಮಾನ್ಯತೆ ಪಡೆದ ಸಸ್ಯೌಷಧ ಇನ್ನೂ ಇಲ್ಲ.

ಆದ್ದರಿಂದ ಸೋದರಿಯರೆ, ಹೊಲಿಗೆಯ ಮೇಲೆ ಯಾವ ಲೇಪವನ್ನೂ ಹಚ್ಚಬೇಡಿ. ಸೋಂಕು ತಗಲಿದರೆ ಪೊರೆ ಬಿಗಿಯುವ ಸಂಭವ ಹೆಚ್ಚುತ್ತದೆ. ಅರಿಶಿನದ ಗುಳಿಗೆ ನುಂಗುತ್ತಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸಿ. ರಕ್ತ ತೆಳುಮಾಡುವ ಔಷಧಗಳೊಡನೆ ಅದು ಹೊಂದದೆ ಇರಬಹುದು. ತಿಂಗಳುಗಳೇ ಆಗಲಿ, ವರ್ಷಗಳೇ ಆಗಲಿ ಕಳೆದ ಮೇಲೆ ಸ್ತನ ಗಟ್ಟಿಯಾದಂತೆ ಕಂಡರೆ ತಡಮಾಡದೆ ತೋರಿಸಿ. ಸಂಭಾಜಿನಗರದಲ್ಲಿ ಸರಕಾರಿ ಕ್ಯಾನ್ಸರ್ ಆಸ್ಪತ್ರೆಯೇ ಇದೆ. ಮರಾಠಿ ತಡವರಿಸುವವರು ಆಪ್ತಳೊಬ್ಬಳನ್ನು ಜೊತೆಗೆ ಕರೆದೊಯ್ಯಲಿ. ಬಿಗಿದ ಪೊರೆಯನ್ನು ಬಿಡಿಸಿ ಅಥವಾ ತೆಗೆದು, ಬೇಕಾದರೆ ಚೀಲವನ್ನೂ ಬದಲಿಸುವ ಉಪಾಯ ವೈದ್ಯರಲ್ಲಿದೆ.

ಒಂದೆಲಗದ ತಂಬುಳಿಯನ್ನು ರುಚಿಗಾಗಿ ಧಾರಾಳವಾಗಿ ಉಣ್ಣೋಣ. ಚಿಕಿತ್ಸೆಯ ಮಾತು ಬಂದಾಗ ಮಾತ್ರ ಸಂಕೋಚ ಬಿಟ್ಟು ವೈದ್ಯರನ್ನು ಕೇಳೋಣ.