ರಾಶಿ ಯಾವುದು, ರಾಶಿಗೆಷ್ಟು?

ಹೊಸನಗರದಿಂದ ನಗರದ ಕಡೆ ಹೋಗುವ ಬಸ್ಸಿಳಿದು, ತೋಟದ ಅಂಚು ಹಿಡಿದು ನಡೆದರೆ, ಮನೆ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಸಿಗುತ್ತದೆ. ಚೊಗರಿನ ವಾಸನೆ ಅದು. ಒಗರು, ಹೊಗೆ, ಹಸಿಸಿಪ್ಪೆಯ ಕಮಟು ಮೂರೂ ಕಲಸಿದ್ದು. ಅಂಗಳದಾಚೆಯ ಒಲೆಯ ಮೇಲೆ ದೊಡ್ಡ ಹಂಡೆ, ಅದರೊಳಗೆ ಕೆಂಪು ನೀರು, ನೀರಿನಲ್ಲಿ ಉರುಳಾಡುವ ಸುಲಿದ ಅಡಿಕೆ. ಪುಷ್ಯಮಾಸದ ಚಳಿಗೆ ಆ ಒಲೆಯ ಮುಂದೆ ಮನೆಯ ನಾಯಿಯೂ ಊರಿನ ನಾಯಿಯೂ ಜಗಳ ಮರೆತು ಮಲಗಿವೆ.

ಕತ್ತಲಾಯಿತೆಂದರೆ ಚಪ್ಪರದ ಕೆಳಗೆ ಸುಲಿತದ ಕೂಟ. ಕೊನೆ ಸುರಿದ ಗುಡ್ಡೆಯ ಸುತ್ತ ಹನ್ನೆರಡು ಮೆಟ್ಟುಗತ್ತಿ, ಒಂದೊಂದರ ಮೇಲೂ ಒಬ್ಬೊಬ್ಬರು. ಕಾಯಿಯನ್ನು ಅಲಗಿಗೆ ಒತ್ತಿ, ಒಂದು ತಿರುವು, ಇನ್ನೊಂದು ತಿರುವು, ಚರಕ್ಕೆಂದು ಸಿಪ್ಪೆ ಹಿಂದಕ್ಕೆ, ಅಡಿಕೆ ಡಬ್ಬಕ್ಕೆ. ಡಬ್ಬ ಖಾಲಿಯಿದ್ದಾಗ ಟಣ್ ಎನ್ನುತ್ತದೆ, ಅರ್ಧವಾದಾಗ ಟಪ್ ಎನ್ನುತ್ತದೆ, ತುಂಬುತ್ತ ಬಂದಂತೆ ಸುಮ್ಮನಾಗುತ್ತದೆ. ಕೂಲಿ ಲೆಕ್ಕ ಡಬ್ಬದ ಮೇಲಾದ್ದರಿಂದ ಎಲ್ಲರ ಕಿವಿಯೂ ಪಕ್ಕದವರ ಡಬ್ಬದ ಮೇಲೆಯೇ. ಚೊಗರು ಹತ್ತಿ ಕಪ್ಪಾದ ಬೆರಳುಗಳು ತಮ್ಮಷ್ಟಕ್ಕೆ ಓಡುತ್ತಿರುತ್ತವೆ, ಬಾಯಿ ಮಾತ್ರ ಬಿಡುವಾಗಿರುತ್ತದೆ. ಬಿಡುವಾದ ಬಾಯಿಗೆ ಈ ಸೀಮೆಯಲ್ಲಿ ಈಗ ಒಂದೇ ವಿಷಯ: ತೋಟದ ಮನೆಯ ಹುಡುಗರ ಮದುವೆ.

"ಹುಡುಗಂದು ಯಾವ ರಾಶಿ?" ಯಾರೋ ಕೇಳಿದರು.

"ರಾಶಿಯೇ. ಬೆಟ್ಟೆ ಈ ಸಲ ಮಾಡ್ಲಿಲ್ಲ" ಎಂದು ಆಚೆ ಮೂಲೆಯಿಂದ ಉತ್ತರ ಬಂತು. ಚಪ್ಪರಕ್ಕೆ ಚಪ್ಪರವೇ ನಕ್ಕಿತು.

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಈ ಶಬ್ದವನ್ನು ನಂಬುವ ಹಾಗಿಲ್ಲ. ಪಂಚಾಂಗದಲ್ಲಿ ಅದು ಮೇಷವೋ ವೃಷಭವೋ. ಮಂಡಿಯಲ್ಲಿ ಬೇಯಿಸಿ ಒಣಗಿಸಿದ ಇಡಿ ಕೆಂಪಡಿಕೆ. ಹವ್ಯಕರ ಬಾಯಲ್ಲಿ 'ಬಹಳ' ಅಂತ ಅರ್ಥ. ಮೂರನ್ನೂ ಒಂದೇ ವಾಕ್ಯದಲ್ಲಿ ಹಾಕಿ ಗೊಂದಲವಿಲ್ಲದೆ ಮಾತಾಡುವವರನ್ನು ನಾನು ಇಲ್ಲೇ ಕಂಡದ್ದು.

ಗುಡ್ಡೆಯ ಆಚೆ ಬದಿಗೆ ಕುಳಿತವರು ದೊಡ್ಡಮ್ಮ. ಜಾತಕದ ಮಾತು ಅವರ ಹತ್ತಿರ ಬಂದಾಗ ಅಲಗಿನಿಂದ ಕಣ್ಣೆತ್ತದೆ ಹೇಳಿದರು: "ನಂದು ಮೂಲಾ ನಕ್ಷತ್ರ. ಮೂಲದ ಹೆಣ್ಣು ಮಾವನಿಗೆ ಆಗೂದಿಲ್ಲ ಅಂತ ಅಲ್ಲನಾ? ಅದಕ್ಕೇ ಮಾವ ಇಲ್ಲದ ಮನೆ ಹುಡುಕಿ ಕೊಟ್ರು. ನಾನು ಬರೂಕೂ ಮೊದಲೇ ಅವರು ಹೋಗಿಯಾಗಿತ್ತು. ನನ್ನ ನಕ್ಷತ್ರಕ್ಕೆ ಕೆಲಸವೇ ಸಿಗ್ಲಿಲ್ಲ ತಮ."

ಮೂಲಾ ಎಂದರೆ ಯೋನಿಕೂಟದಲ್ಲಿ ನಾಯಿ. ನಮ್ಮ ಜ್ಯೋತಿಷದಲ್ಲೂ ಮನುಷ್ಯನಿಗೊಂದು ಪ್ರಾಣಿ ಉಂಟು ಎನ್ನುವುದು ಮದುವೆಗೆ ಜಾತಕ ಕೊಟ್ಟವರಿಗಷ್ಟೇ ಗೊತ್ತಾಗುತ್ತದೆ. 27 ನಕ್ಷತ್ರಗಳನ್ನು 14 ಪ್ರಾಣಿಗಳಿಗೆ ಹಂಚಿದ್ದಾರೆ: ಅಶ್ವಿನಿಗೆ ಕುದುರೆ, ಭರಣಿಗೆ ಆನೆ, ರೋಹಿಣಿಗೆ ಹಾವು, ಶ್ರವಣಕ್ಕೆ ಮಂಗ, ಹೀಗೆ. ವಿಚಿತ್ರವೆಂದರೆ ಪ್ರಾಣಿಯ ಸ್ವಭಾವವೇನು ಎಂದು ಭಟ್ಟರು ಹೇಳುವುದಿಲ್ಲ, ಅದರ ಜಗಳ ಯಾರ ಜೊತೆ ಎಂದಷ್ಟೇ ನೋಡುತ್ತಾರೆ. ಹಸು ಹುಲಿಗಾಗದು, ಇಲಿ ಬೆಕ್ಕಿಗಾಗದು, ಹಾವು ಮುಂಗುಸಿಗಾಗದು, ಕುದುರೆ ಕೋಣಕ್ಕಾಗದು. ಒಟ್ಟು 36 ಗುಣಗಳಲ್ಲಿ ಇದಕ್ಕೆ 4. ಹೆಣ್ಣು ಸಿಗುವುದೇ ಕಷ್ಟವಾದ ಈ ಕಾಲದಲ್ಲಿ, ಹುಡುಗಿ ಹೂಂ ಎಂದರೆ ಸಾಕು, ಬೆಕ್ಕೂ ಇಲಿಯೂ ಒಂದೇ ಮಣೆಯ ಮೇಲೆ ಕೂರುತ್ತವೆ.

ಪ್ರಾಣಿಯ ಸ್ವಭಾವವನ್ನೇ ಹಿಡಿದು ಮನುಷ್ಯನನ್ನು ಓದುವ ಜನರನ್ನು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಸಾಗರದಿಂದ ಸಿರಸಿ ದಾಟಿದರೆ ಮುಂಡಗೋಡು. ಅಲ್ಲಿನ ಟಿಬೆಟನ್ ಕ್ಯಾಂಪಿನಲ್ಲಿ ಗಾಳಿಗೆ ಪಟಪಟಿಸುವ ಬಣ್ಣದ ಬಾವುಟಗಳ ನಡುವೆ ಬೆನ್ನ ಮೇಲೆ ರತ್ನ ಹೊತ್ತ ಒಂದು ಕುದುರೆ ಅಚ್ಚಾಗಿರುತ್ತದೆ. ಲುಂಗ್‌ತಾ, ಅಂದರೆ ಗಾಳಿಕುದುರೆ. ಅವರಲ್ಲಿ ಪ್ರಾಣಿ ನಕ್ಷತ್ರಕ್ಕಲ್ಲ, ಹುಟ್ಟಿದ ವರ್ಷಕ್ಕೆ. 12 ವರ್ಷಕ್ಕೆ 12 ಪ್ರಾಣಿ. ಅವಕ್ಕೆ ಮರ, ಬೆಂಕಿ, ಮಣ್ಣು, ಕಬ್ಬಿಣ, ನೀರು ಎಂಬ ಐದು ಧಾತುಗಳು ಕೂಡಿಕೊಂಡು 60 ವರ್ಷದ ಒಂದು ಸುತ್ತು. ಚೀನಾ, ಜಪಾನುಗಳಲ್ಲೂ ಲೆಕ್ಕ ಹೀಗೇ.

ನಮ್ಮ ಪ್ರಭವ, ವಿಭವಗಳ ಸುತ್ತೂ 60ರದ್ದೇ. ಟಿಬೆಟನ್ನರು ತಮ್ಮ ಸುತ್ತಿಗೆ ಇಟ್ಟ 'ರಬ್‌ಜುಂಗ್' ಎಂಬ ಹೆಸರು 'ಪ್ರಭವ'ದ ನೇರ ಅನುವಾದ; ಕಾಲಚಕ್ರ ತಂತ್ರದ ಜೊತೆ ಇಲ್ಲಿಂದ ಅಲ್ಲಿಗೆ ಹೋದದ್ದು, ಅವರ ಎಣಿಕೆ ಶುರುವಾಗುವುದು 1027ರಿಂದ. ಹಾಗಾಗಿ ಅವರ ಬೆಂಕಿ-ಕುದುರೆಯ ವರ್ಷವೂ ನಮ್ಮ ಪರಾಭವ ಸಂವತ್ಸರವೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. 1966ರಲ್ಲಿ ಬಂದಿದ್ದವು; 2026ರಲ್ಲಿ ಮತ್ತೆ. ಮುಂಡಗೋಡಿನ ಆ ಕ್ಯಾಂಪು ಎದ್ದದ್ದೂ 1966ರಲ್ಲೇ.

ದೊಡ್ಡಮ್ಮ ಹುಟ್ಟಿದ್ದೂ ಅದೇ ವರ್ಷ, ಆಷಾಢದ ಮಳೆಯಲ್ಲಿ.

ಕುದುರೆ ವರ್ಷದವರ ಗುಣವನ್ನು ನಾನು ಒಪ್ಪಿಸತೊಡಗಿದೆ: ಮಾತುಗಾರರು, ಜನ ಸೇರಿದಲ್ಲಿ ಕಳೆ ಕಟ್ಟುವವರು, ಚುರುಕು, ಮುಂಗೋಪ, ಲಗಾಮು ಹಾಕಿಸಿಕೊಳ್ಳದವರು, ಒಂದೆಡೆ ನಿಲ್ಲದವರು. ಒಂದೊಂದು ಗುಣಕ್ಕೂ ಚಪ್ಪರ "ಹೌದು, ಹೌದು" ಎಂದಿತು. ಕಡೆಯದಕ್ಕೆ ಮಾತ್ರ ಯಾರೂ ದನಿಗೂಡಿಸಲಿಲ್ಲ. ಸಂಜೆ ಏಳಕ್ಕೆ ಮೆಟ್ಟುಗತ್ತಿ ಹತ್ತಿದ ದೊಡ್ಡಮ್ಮ ಹನ್ನೊಂದಾದರೂ ಎದ್ದಿರಲಿಲ್ಲ. ಇಂಥ ವರ್ಣನೆಗಳು ಸಂತೆಯಲ್ಲಿ ಸಿಗುವ ಬನಿಯನ್ನಿನ ಹಾಗೆ, ಜಗ್ಗಿದರೆ ಯಾರ ಮೈಗೂ ಕೂರುತ್ತವೆ.

ಆದರೆ ಬೆಂಕಿ-ಕುದುರೆಯ ಕತೆ ಅಷ್ಟು ಹಗುರವಲ್ಲ. ಆ ವರ್ಷ ಹುಟ್ಟಿದ ಹೆಣ್ಣು ಗಂಡನ ಆಯುಷ್ಯವನ್ನೇ ತಿನ್ನುತ್ತಾಳೆಂದು ಜಪಾನಿನಲ್ಲಿ ಹಳೆಯ ನಂಬಿಕೆ. ಕಾರು, ಟೀವಿ, ವೇಗದ ರೈಲು ಎಲ್ಲ ಬಂದಿದ್ದ ಆ ದೇಶದಲ್ಲಿ 1965ರಲ್ಲಿ ಸುಮಾರು 18 ಲಕ್ಷ ಮಕ್ಕಳು ಹುಟ್ಟಿದರೆ, 1966ರಲ್ಲಿ ಹುಟ್ಟಿದ್ದು ಸುಮಾರು 13.6 ಲಕ್ಷ. ಮರುವರ್ಷ ಸಂಖ್ಯೆ ಮತ್ತೆ 19 ಲಕ್ಷ ದಾಟಿತು. ಹೆಣ್ಣಾದೀತೆಂಬ ಅಂಜಿಕೆಗೆ ಗಂಡುಮಕ್ಕಳೂ ಹುಟ್ಟದೆ ಉಳಿದರು. ಆ ವರ್ಷ ಹುಟ್ಟಿದವರ ತರಗತಿಗಳಲ್ಲಿ ಬೆಂಚುಗಳು ಖಾಲಿ ಖಾಲಿ. ಮೂಲೆಯಲ್ಲಿ ಕುಳಿತಿದ್ದ ಹುಡುಗಿಯೊಬ್ಬಳ ಕೈ ನಿಂತಿತು. "ಅಲ್ಲಿ ಗಂಡನಿಗೆ, ಇಲ್ಲಿ ಮಾವನಿಗೆ" ಎಂದಳು ಆಕೆ, ಮತ್ತೆ ಕಾಯಿ ತೆಗೆದುಕೊಂಡಳು.

"60 ತುಂಬಿದ್ರೆ ಅವರೆಂತ ಮಾಡ್ತಾರೆ?" ದೊಡ್ಡಮ್ಮನ ಪ್ರಶ್ನೆ.

ಜಪಾನಿನಲ್ಲಿ ಕೆಂಪು ಟೊಪ್ಪಿ, ಕೆಂಪು ಅಂಗಿ ಹಾಕಿ ಕೂರಿಸುತ್ತಾರೆ, ಸುತ್ತು ಮುಗಿದು ಮತ್ತೆ ಮಗುವಾದರೆಂದು. ಹೆಂಗಸರಿಗೂ ಉಂಟು ಎಂದೆ.

"ಹೌದನಾ? ಇಲ್ಲಿ ಷಷ್ಟ್ಯಬ್ದಿ ಅಂದ್ರೆ ಗಂಡಸರದ್ದು. ನಾವು ಪಕ್ಕದಲ್ಲಿ ಕೂತು ಹೊಗೆ ಕುಡಿಯೂದು." ಡಬ್ಬ ತುಂಬಿತ್ತು, ಅಲ್ಲಾಡಿಸಿ ತಲೆ ಸಮ ಮಾಡಿ ಗೋಣಿಯ ಮೇಲೆ ಸುರಿದರು. "ಅವರಲ್ಲಿ ಕುದುರೆಗೆ ಹಗೆ ಯಾರು?"

"ಇಲಿ."

"ನಮ್ಮಲ್ಲಿ ಕೋಣ ಅಂದ್ಯಲ್ಲ. ಎಮ್ಮೆ, ಕೋಣದ ಜೊತೆ ನಾನು ಜಗಳ ಆಡಿದ್ದೇ ಇಲ್ಲ, ದಿನಾ ಎರಡು ಹೊತ್ತು ಹಾಲು ಕರೀತೆ. ಇಲಿ ಮಾತ್ರ ಸತ್ಯ ತಮ. ಅಟ್ಟದ ಮೇಲಿನ ಎರಡು ಚೀಲ ಕಡಿದು ಹಾಕಿದೆ, ಹೋದ ವರ್ಷದ ರಾಶಿ!"

ಖಾಲಿ ಡಬ್ಬವನ್ನು ಮೊಣಕಾಲಿನ ಪಕ್ಕಕ್ಕೆ ಎಳೆದುಕೊಂಡು ಕಾಯಿಯೊಂದನ್ನು ಅಲಗಿಗೆ ಒತ್ತಿದರು. ಟಣ್.