ಕ್ಯಾಮೆರಾ ಮಸೂರದ ಸಂಗಮದೂರ ಮತ್ತು ಮಾನವ ದೃಷ್ಟಿ

ಬಹುದೂರದ ವಸ್ತುವಿನಿಂದ ಬರುವ ಸಮಾಂತರ ಕಿರಣಗಳನ್ನು ಮಸೂರವು ಎಷ್ಟು ದೂರದಲ್ಲಿ ಒಂದು ಬಿಂದುವಿಗೆ ಕೂಡಿಸುತ್ತದೆಯೋ ಆ ದೂರವೇ ಅದರ ಸಂಗಮದೂರ ಅಥವಾ ನಾಭಿದೂರ. ಇದನ್ನು ಮಿಲಿಮೀಟರುಗಳಲ್ಲಿ ಸೂಚಿಸಲಾಗುತ್ತದೆ. 50 ಮಿ.ಮೀ. ಮಸೂರವು ಮಾನವನ ಕಣ್ಣಿಗೆ ಸಮಾನವೆಂಬ ಮಾತು ಛಾಯಾಗ್ರಾಹಕರಲ್ಲಿ ಪ್ರಚಲಿತವಾಗಿದೆ. ಈ ಹೋಲಿಕೆಯು ಭಾಗಶಃ ಮಾತ್ರ ಸರಿ.

== ಕಣ್ಣು ಮತ್ತು ಕ್ಯಾಮೆರಾ ==

ವಯಸ್ಕರ ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿ.ಮೀ. ಗಾಳಿಯಲ್ಲಿನ ಅಳತೆಗೆ ಪರಿವರ್ತಿಸಿದಾಗ ಕಣ್ಣಿನ ಸಂಗಮದೂರ ಸುಮಾರು 17 ಮಿ.ಮೀ. ಆಗುತ್ತದೆ. ಕ್ಯಾಮೆರಾದಲ್ಲಿ ಮಸೂರವನ್ನು ಹಿಂದೆ ಮುಂದೆ ಸರಿಸಿ ಬಿಂಬವನ್ನು ಸ್ಪಷ್ಟಗೊಳಿಸಿದರೆ, ಕಣ್ಣಿನಲ್ಲಿ ಸಿಲಿಯರಿ ಸ್ನಾಯುಗಳು ಮಸೂರದ ವಕ್ರತೆಯನ್ನೇ ಬದಲಿಸುತ್ತವೆ.

ಎರಡೂ ಕಣ್ಣುಗಳು ಸೇರಿ ಅಡ್ಡಲಾಗಿ 180 ಡಿಗ್ರಿಗೂ ಮಿಗಿಲಾದ ಕ್ಷೇತ್ರವನ್ನು ಕಾಣಬಲ್ಲವು. ಆದರೆ ಅತ್ಯಂತ ಸ್ಪಷ್ಟವಾದ ನೋಟ ನಡುವಿನ ಸುಮಾರು 2 ಡಿಗ್ರಿಗೆ ಸೀಮಿತ. ಕಣ್ಣು ನಿರಂತರವಾಗಿ ಚಲಿಸುತ್ತಿರುವುದರಿಂದ ಮಿದುಳು ಆ ತುಣುಕುಗಳನ್ನು ಜೋಡಿಸಿ ಇಡೀ ದೃಶ್ಯವನ್ನು ರೂಪಿಸುತ್ತದೆ. ಆದ್ದರಿಂದ ಕಣ್ಣಿಗೆ ಒಂದೇ ನಿಶ್ಚಿತ ನೋಟಕೋನವನ್ನು ಹೇಳಲಾಗದು.

== 50 ಮಿ.ಮೀ. ಮಸೂರ ==

35 ಮಿ.ಮೀ. ಫಿಲ್ಮಿನ ಚೌಕಟ್ಟು 36×24 ಮಿ.ಮೀ. ಇದ್ದು, ಅದರ ಕರ್ಣ ಸುಮಾರು 43 ಮಿ.ಮೀ. ಕರ್ಣಕ್ಕೆ ಹತ್ತಿರವಾದ ಸಂಗಮದೂರವುಳ್ಳ ಮಸೂರವನ್ನು 'ಸಾಮಾನ್ಯ ಮಸೂರ' ಎನ್ನುತ್ತಾರೆ. 50 ಮಿ.ಮೀ. ಮಸೂರದ ಅಡ್ಡ ನೋಟಕೋನ ಸುಮಾರು 40 ಡಿಗ್ರಿ. ಅದರ ಚಿತ್ರವನ್ನು ಹತ್ತು ಪಟ್ಟು ಹಿಗ್ಗಿಸಿ ಅರ್ಧ ಮೀಟರ್ ದೂರದಿಂದ ನೋಡಿದರೆ, ವಸ್ತುಗಳು ಮೂಲ ಸ್ಥಳದಲ್ಲಿ ಕಂಡ ಕೋನದಲ್ಲಿಯೇ ಕಾಣುತ್ತವೆ. ಅಷ್ಟು ದೊಡ್ಡ ಚಿತ್ರವನ್ನು ಜನರು ಸಹಜವಾಗಿ ನೋಡುವುದೂ ಹೆಚ್ಚುಕಡಿಮೆ ಅಷ್ಟೇ ದೂರದಿಂದ. ಈ ಮಸೂರದ ಚಿತ್ರ 'ಸಹಜ'ವೆನಿಸಲು ಇದು ಮುಖ್ಯ ಕಾರಣ.

ಚಿಕ್ಕ ಸಂವೇದಕದ ಕ್ಯಾಮೆರಾಗಳಲ್ಲಿ ಈ ಲೆಕ್ಕ ಬದಲಾಗುತ್ತದೆ. ಎಪಿಎಸ್-ಸಿ ಗಾತ್ರದ ಸಂವೇದಕದಲ್ಲಿ ಸುಮಾರು 35 ಮಿ.ಮೀ. ಮಸೂರವೇ ಇದೇ ನೋಟವನ್ನು ನೀಡುತ್ತದೆ.

== ಉದಾಹರಣೆಗಳು ==

* '''ಕಮಲ ಬಸದಿ:''' ಬೆಳಗಾವಿ ಕೋಟೆಯೊಳಗಿನ, 1204ರಲ್ಲಿ ನಿರ್ಮಿತವಾದ ಈ ಬಸದಿಯು ಕಮಲಾಕೃತಿಯ ಛಾವಣಿಗೆ ಪ್ರಸಿದ್ಧ. ಇಂತಹ ಛಾವಣಿಯನ್ನು 3 ಮೀಟರ್ ದೂರದಿಂದ ಚಿತ್ರಿಸಿದರೆ 50 ಮಿ.ಮೀ. ಮಸೂರದಲ್ಲಿ ಸುಮಾರು 2.2×1.4 ಮೀಟರ್ ಭಾಗವೂ, 24 ಮಿ.ಮೀ. ಮಸೂರದಲ್ಲಿ 4.5×3 ಮೀಟರ್ ಭಾಗವೂ ಸೆರೆಯಾಗುತ್ತದೆ.
* '''ಭೀಮಗಡ:''' ಖಾನಾಪುರ ತಾಲ್ಲೂಕಿನ ಈ ವನ್ಯಜೀವಿಧಾಮದಂತಹ ದಟ್ಟಕಾಡಿನಲ್ಲಿ 40 ಮೀಟರ್ ದೂರದಲ್ಲಿರುವ 40 ಸೆಂ.ಮೀ. ಎತ್ತರದ ಹಕ್ಕಿಯ ಬಿಂಬವು 400 ಮಿ.ಮೀ. ಮಸೂರದಲ್ಲಿ 4 ಮಿ.ಮೀ. ಇರುತ್ತದೆ; 50 ಮಿ.ಮೀ. ಮಸೂರದಲ್ಲಿ ಅರ್ಧ ಮಿ.ಮೀ. ಮಾತ್ರ. ನೋಡುಗರ ಅಕ್ಷಿಪಟಲದ ಮೇಲೆ ಅದು ಸುಮಾರು 0.17 ಮಿ.ಮೀ. ಆದರೂ ಅಲ್ಲಿನ ದೃಷ್ಟಿಕೋಶಗಳು ಒತ್ತೊತ್ತಾಗಿರುವುದರಿಂದ ಹಕ್ಕಿಯನ್ನು ಗುರುತಿಸಬಹುದು.

== ದೂರ ಮತ್ತು ಪರಿಪ್ರೇಕ್ಷ್ಯ ==

ಕಿರು ಸಂಗಮದೂರದ ಮಸೂರವು ವಸ್ತುಗಳನ್ನು ದೂರ ತಳ್ಳುತ್ತದೆ, ದೀರ್ಘ ಸಂಗಮದೂರದ್ದು ಹತ್ತಿರ ಒತ್ತುತ್ತದೆ ಎಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ವಸ್ತುಗಳ ಪರಸ್ಪರ ಗಾತ್ರದ ಪ್ರಮಾಣವನ್ನು ನಿರ್ಧರಿಸುವುದು ಕ್ಯಾಮೆರಾ ನಿಂತ ಸ್ಥಳವೇ ಹೊರತು ಮಸೂರವಲ್ಲ. ಒಂದೇ ಸ್ಥಳದಿಂದ 24 ಮಿ.ಮೀ. ಹಾಗೂ 50 ಮಿ.ಮೀ. ಮಸೂರಗಳಲ್ಲಿ ತೆಗೆದ ಚಿತ್ರಗಳಲ್ಲಿ, ಮೊದಲನೆಯದರ ನಡುಭಾಗವನ್ನು ಕತ್ತರಿಸಿ ಹಿಗ್ಗಿಸಿದರೆ ಎರಡೂ ಹೊಂದಿಕೆಯಾಗುತ್ತವೆ. ಮೊಬೈಲ್ ಫೋನುಗಳ ಮುಖ್ಯ ಕ್ಯಾಮೆರಾಗಳು ಸಾಮಾನ್ಯವಾಗಿ 24ರಿಂದ 28 ಮಿ.ಮೀ.ಗೆ ಸಮನಾದ ನೋಟ ಹೊಂದಿರುವುದರಿಂದ, ಕಣ್ಣಿಗೆ ಭವ್ಯವೆನಿಸಿದ ಸಹ್ಯಾದ್ರಿಯ ಬೆಟ್ಟಸಾಲು ಅವುಗಳ ಚಿತ್ರದಲ್ಲಿ ಕಿರಿದಾಗಿ ಕಾಣುತ್ತದೆ.